ಕಿರುಬೆರಳಿನ ಪುರಾಣ

ಐದು ಬೆರಳುಗಳು ಸಮನಾಗಿಲ್ಲವೆಂಬುದು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡ ಸತ್ಯ. ಆದರೆ ಈ ಅಸಮಾನತೆ ಬರಿಯ ಉದ್ದಗಿಡ್ಡದ್ದಲ್ಲ, ಮಾನಮರ್ಯಾದೆಯದೂ ಹೌದು. ಹೆಬ್ಬೆರಳು ಅಕ್ಷರ ಬಾರದವರ ಸಹಿಯಾಗಿ ಕಚೇರಿಗಳಲ್ಲಿ ಮನ್ನಣೆ ಪಡೆದಿದೆ. ತೋರುಬೆರಳಿಗೆ ಪರರ ತಪ್ಪನ್ನು ಎತ್ತಿ ತೋರಿಸುವ ಮಹತ್ಕಾರ್ಯವಿದೆ. ನಡುಬೆರಳು ಎತ್ತರದಿಂದಲೇ ಹಿರಿಯಣ್ಣ. ಅದರ ಪಕ್ಕದ ಬೆರಳಿಗೆ ಸಂಸ್ಕೃತದವರು ಹೆಸರಿಲ್ಲದ್ದು ಎಂಬರ್ಥದಲ್ಲಿ ‘ಅನಾಮಿಕಾ’ ಎಂದು ಹೆಸರಿಟ್ಟರೂ ಚಿನ್ನವೆಲ್ಲ ಹೋಗಿ ಸೇರುವುದು ಅದಕ್ಕೇ. ಇನ್ನು ಉಳಿದದ್ದು ಕಿರುಬೆರಳು. ಶ್ರೀಕೃಷ್ಣನು ಅದರ ಮೇಲೆ ಗೋವರ್ಧನಗಿರಿಯನ್ನು ಎತ್ತಿ ಹಿಡಿದನೆಂಬ ಗತವೈಭವವೊಂದನ್ನು ಬಿಟ್ಟರೆ, ಶಾಲೆಯ ಹುಡುಗರು ಹೊರಗೆ ಹೋಗಲು ಅಪ್ಪಣೆ ಬೇಡುವಾಗ, ಗೆಳೆಯನೊಡನೆ ಠೂ ಬಿಡುವಾಗ ಮಾತ್ರ ಅದರ ನೆನಪು.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ರಾಯರೂ ತಮ್ಮ ಕಿರುಬೆರಳನ್ನು ಕುರಿತು ಇದಕ್ಕಿಂತ ಹೆಚ್ಚು ಯೋಚಿಸಿದವರಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ 34 ವರ್ಷ ಲೆಕ್ಕ ಬರೆದು ನಿವೃತ್ತರಾದ ಅವರಿಗೆ ಈಗ ಉಳಿದಿರುವ ಏಕೈಕ ಹುದ್ದೆಯೆಂದರೆ, ನಾಲ್ಕು ವರ್ಷದ ಮೊಮ್ಮಗಳನ್ನು ಬೆಳಗ್ಗೆ ಶಿಶುವಿಹಾರಕ್ಕೆ ಬಿಟ್ಟು, ಮಧ್ಯಾಹ್ನ ಕರೆತರುವುದು. ಬಲಗೈಯಲ್ಲಿ ಛತ್ರಿ ಮತ್ತು ಮಗುವಿನ ಚೀಲ. ಎಡಗೈಯ ಕಿರುಬೆರಳು ಮಗುವಿನ ಮುಷ್ಟಿಯೊಳಗೆ. ಆ ಪುಟ್ಟ ಮುಷ್ಟಿಯ ಅಳತೆಗೆ ಸರಿಹೊಂದುವ ಬೆರಳು ಅದೊಂದೇ. ರಸ್ತೆ ದಾಟುವಾಗ ಆ ಹಿಡಿತ ಬಿಗಿಯಾಗುತ್ತಿತ್ತು, ಬೀದಿನಾಯಿ ಕಂಡಾಗ ಇನ್ನಷ್ಟು ಬಿಗಿಯಾಗುತ್ತಿತ್ತು. ತಾತನೂ ಬೆರಳನ್ನು ಕೊಂಚ ಮಡಿಸಿ ಪ್ರತ್ಯುತ್ತರ ಕೊಡುತ್ತಿದ್ದರು. ಇಷ್ಟೇ ಆ ಬೆರಳಿನ ಉದ್ಯೋಗ.

ಅನಾಹುತ ನಡೆದದ್ದು ಗಣೇಶನ ಹಬ್ಬದ ಬೆಳಗ್ಗೆ. ಅಡಿಗೆಮನೆಯಲ್ಲಿ ಕಡುಬಿನ ಗಡಿಬಿಡಿ. ವರ್ಷಕ್ಕೊಮ್ಮೆ ಉಂಟಾಗುವ ಗೃಹಕೃತ್ಯದ ಉತ್ಸಾಹದಲ್ಲಿ ರಾಯರು, ಮಿಕ್ಸಿಗೆ ಹಾಕಲು ಕಾಯಿ ಬಿಡಿಸಿಕೊಡುವುದಾಗಿ ಮುಂದೆ ಬಂದರು. “ನೀವು ಬರದೇ ಇದ್ದರೆ ಅದೇ ದೊಡ್ಡ ಉಪಕಾರ” ಎಂದು ಅವರ ಪತ್ನಿ ಎಚ್ಚರಿಸಿದ್ದೂ ಉಂಟು. ಎಡ ಅಂಗೈಯಲ್ಲಿ ಹೋಳನ್ನಿಟ್ಟು, ಬಲಗೈಯ ಚಾಕುವಿನ ಮೊನೆಯಿಂದ ಕಾಯನ್ನು ಮೀಟಿದಾಗ ಚಾಕು ಜಾರಿತು. ಕಿರುಬೆರಳಿನ ಬುಡದಲ್ಲಿ, ಅಂಗೈಯ ಕಡೆಗೆ, ಅರ್ಧ ಅಂಗುಲದ ಗಾಯ. ಪತ್ನಿ ಅರಿಸಿನವನ್ನು ಒತ್ತಿದರು. ಪಕ್ಕದ ಮನೆಯವರು ಕಾಫಿಪುಡಿಯೇ ಮೇಲೆಂದರು. ಹಳೆಯ ಪಂಚೆಯ ಅಂಚಿನಿಂದ ಕಟ್ಟು ಬಿತ್ತು, ರಕ್ತ ನಿಂತಿತು. ವಿಘ್ನೇಶ್ವರನ ಪೂಜೆ ನಿರ್ವಿಘ್ನವಾಗಿ ಸಾಗಿತು. “ಕಿರುಬೆರಳು ತಾನೆ, ಅದೂ ಎಡಗೈದು” ಎಂದು ಬಂದವರೆಲ್ಲ ಸಮಾಧಾನ ಹೇಳಿದರು.

ಮೂರು ದಿನ ಕಳೆದರೂ ಒಂದು ಸಂಗತಿ ಮಾತ್ರ ರಾಯರಿಗೆ ಅರ್ಥವಾಗಲಿಲ್ಲ. ಮುಷ್ಟಿ ಕಟ್ಟಿದರೆ ನಾಲ್ಕು ಬೆರಳು ಮಡಿಯುತ್ತಿದ್ದವು. ಐದನೆಯದು ಗರುಡಗಂಬದಂತೆ ನೆಟ್ಟಗೆ ನಿಂತಿರುತ್ತಿತ್ತು. ಊತವಿರಬಹುದೆಂದು ಸುಮ್ಮನಾದರು. ನಾಲ್ಕನೆಯ ದಿನ ಮನೆಯ ವೈದ್ಯರು ಕಟ್ಟು ಬಿಚ್ಚಿ, ಗಾಯವನ್ನು ನೋಡುವುದಕ್ಕೂ ಮೊದಲು, “ಬೆರಳ ತುದಿ ಬಗ್ಗಿಸಿ” ಎಂದರು. ಬಗ್ಗಲಿಲ್ಲ. ಬೆರಳಿನ ಹೊರ ಅಂಚನ್ನು ಹತ್ತಿಯಿಂದ ಸವರಿ, “ತಿಳಿಯುತ್ತದೆಯೇ?” ಎಂದರು. ತಿಳಿಯಲಿಲ್ಲ. ವೈದ್ಯರು ಬೇರೇನನ್ನೂ ಕೇಳದೆ, ಕೈಯ ಶಸ್ತ್ರವೈದ್ಯರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಗಾಯ ಎಷ್ಟು ಚಿಕ್ಕದಾದರೂ, ಬೆರಳು ಮಡಿಯದಿದ್ದರೆ ಅಥವಾ ಸ್ಪರ್ಶ ತಿಳಿಯದಿದ್ದರೆ ಅದೇ ದಿನ ತೋರಿಸಬೇಕೆಂಬ ಈ ಪಾಠವನ್ನು ರಾಯರ ಮನೆ ನಾಲ್ಕು ದಿನ ತಡವಾಗಿ ಕಲಿಯಿತು.

ಬೆರಳೊಳಗೆ ಅದನ್ನು ಮಡಿಸುವ ಮಾಂಸಖಂಡವೇ ಇಲ್ಲವೆಂಬುದು 66 ವರ್ಷ ಅದೇ ಬೆರಳನ್ನು ಮಡಿಸಿಕೊಂಡು ಬಂದಿದ್ದ ರಾಯರಿಗೆ ಶಸ್ತ್ರವೈದ್ಯರು ಹೇಳಿದ ಮೇಲೆಯೇ ಗೊತ್ತಾದದ್ದು. ಬೆರಳನ್ನು ಮಡಿಸುವ ಮುಖ್ಯ ಬಲವಿರುವುದು ಮುಂದೋಳಿನಲ್ಲಿ. ಅಲ್ಲಿಂದ ಹೊರಟ ಹುರಿಯಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ, ಅಂಗೈ ಹಾಯ್ದು, ಬೆರಳ ಮೂಳೆಗಳನ್ನು ಸೇರುತ್ತವೆ. ಸೂತ್ರದ ಬೊಂಬೆಯನ್ನು ಆಡಿಸುವವನು ತೆರೆಯ ಹಿಂದೆ ನಿಂತಿರುವಂತೆ, ಬೆರಳನ್ನು ಆಡಿಸುವವನು ಮೊಣಕೈಯ ಬಳಿ ಕುಳಿತಿದ್ದಾನೆ. ಒಂದೊಂದು ಬೆರಳಿಗೂ ಇಂಥ ಎರಡು ಹುರಿಗಳು. ಮೀನು ಹಿಡಿಯುವ ಗಾಳದ ಕೋಲಿಗೆ ಬಿಗಿದ ಉಂಗುರಗಳ ಮೂಲಕ ದಾರ ಹಾದುಹೋಗುವಂತೆ, ಅವು ಇಕ್ಕಟ್ಟಾದ ಕೊಳವೆಯೊಂದರಲ್ಲಿ ನುಣ್ಣಗೆ ಜಾರುತ್ತಿರಬೇಕು. ರಾಯರ ಚಾಕು ಕೊಳವೆಯನ್ನೂ ಹುರಿಗಳನ್ನೂ ಪಕ್ಕದ ನರವನ್ನೂ ಕತ್ತರಿಸಿತ್ತು. ತುಂಡಾದ ಹುರಿಯ ತುದಿ ಅಂಗೈಯೊಳಕ್ಕೆ ಸರಿದುಹೋಗಿತ್ತು.

ಅಂಗೈಯ ಮೇಲಿನ ಗೆರೆಯಿಂದ ಬೆರಳಿನ ನಡುಭಾಗದವರೆಗಿನ ಈ ಪ್ರದೇಶಕ್ಕೆ ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಯುದ್ಧರಂಗದ ಪರಿಭಾಷೆಯಿಂದ ಒಂದು ಹೆಸರನ್ನು ತಂದಿಟ್ಟಿದ್ದ. ಎರಡು ಸೇನೆಗಳ ನಡುವೆ ಯಾರಿಗೂ ಸೇರದೆ, ಕಾಲಿಟ್ಟವರು ಮರಳದ ಪಾಳುನೆಲವೆಂದು ಅದರ ಅರ್ಥ. ಇಲ್ಲಿ ಕೂಡಲೇ ಹೊಲಿಗೆ ಹಾಕಿದರೆ ಹುರಿ ಕೊಳವೆಗೆ ಅಂಟಿಕೊಂಡು ಬೆರಳು ಮರಗಟ್ಟುತ್ತದೆ. ಚರ್ಮವನ್ನಷ್ಟೇ ಹೊಲಿದು, ಮುಂದೆ ಬೇರೆಡೆಯ ರಜ್ಜುವನ್ನು ತಂದು ಕಸಿ ಮಾಡುವುದು ಮೇಲು ಎಂಬುದು ಆ ಕಾಲದ ಮತ. 1967ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು, ಈ ಪಾಳುನೆಲದಲ್ಲಿಯೂ ಮೊದಲೇ ಹುರಿಯನ್ನು ಹೊಲಿದು, ಕೆಲವೇ ದಿನಗಳಲ್ಲಿ ಬೆರಳನ್ನು ಮಿತವಾಗಿ ಚಲಿಸಗೊಟ್ಟು ಪಡೆದ ಒಳ್ಳೆಯ ಫಲಿತಾಂಶಗಳನ್ನು ವೈದ್ಯರ ಮುಂದಿಟ್ಟರು. ಅಲ್ಲಿಂದೀಚೆಗೆ ಪದ್ಧತಿಯೇ ಬದಲಾಯಿತು. 1965ರಲ್ಲಿ ಜಪಾನಿನ ವೈದ್ಯರು ಪೂರ್ತಿ ತುಂಡಾದ ಹೆಬ್ಬೆರಳನ್ನೇ ಮತ್ತೆ ಜೋಡಿಸಿದ್ದರು. “ಏಕಲವ್ಯ ಈಗ ಬಂದಿದ್ದರೆ ಪ್ರಯತ್ನ ಮಾಡಬಹುದಾಗಿತ್ತು. ನಿಮ್ಮದು ಅದಕ್ಕಿಂತ ಸುಲಭ. ಆದರೆ ನನ್ನ ಕೆಲಸ ಎರಡು ಗಂಟೆಯದು, ನಿಮ್ಮದು ಮೂರು ತಿಂಗಳದು” ಎಂದರು ಶಸ್ತ್ರವೈದ್ಯರು. ರಾಯರಿಗೆ ಮೊದಲ ಮಾತು ಕೇಳಿಸಿತು, ಕೊನೆಯದು ಕೇಳಿಸಲಿಲ್ಲ.

ಆರನೆಯ ದಿನ ಶಸ್ತ್ರಕ್ರಿಯೆ ನಡೆಯಿತು. ಮಣಿಕಟ್ಟನ್ನೂ ಬೆರಳುಗಳನ್ನೂ ಕೊಂಚ ಬಾಗಿಸಿ ಹಿಡಿದ ದಬ್ಬೆಯೊಂದನ್ನು ಕೈಯ ಹಿಂಬದಿಗೆ ಕಟ್ಟಿ ಅವರನ್ನು ಮನೆಗೆ ಕಳುಹಿಸಿದರು. ಆಗ ಬಯಲಾಯಿತು ಕಿರುಬೆರಳಿನ ಮಹಿಮೆ! ಪಂಚೆಯ ಗಂಟು ಬಿಗಿಯುವಾಗ ಬಟ್ಟೆಯನ್ನು ಒತ್ತಿ ಹಿಡಿಯುತ್ತಿದ್ದುದು ಅದು. ಒದ್ದೆ ಟವೆಲನ್ನು ಹಿಂಡುವಾಗ ಕೊನೆಯ ಹನಿಯನ್ನು ಹೊರಡಿಸುತ್ತಿದ್ದುದು ಅದು. ಸುತ್ತಿಗೆ, ಬಕೀಟು, ಛತ್ರಿ ಯಾವುದನ್ನೇ ಗಟ್ಟಿಯಾಗಿ ಹಿಡಿಯಬೇಕಾದರೂ ಹಿಡಿತದ ಬಲದಲ್ಲಿ ದೊಡ್ಡ ಪಾಲು ಅಂಚಿನ ಈ ಎರಡು ಬೆರಳುಗಳದಂತೆ. ಅಂಗಿಯ ಗುಂಡಿಗೆ ಪತ್ನಿ, ಕಾಲಿನ ಉಗುರಿಗೆ ಮಗ, ಚಪ್ಪಲಿಯ ಪಟ್ಟಿಗೆ ಮೊಮ್ಮಗಳು. ಹೀಗೆ ಮನೆಯೆಲ್ಲ ಸೇರಿ ಒಂದು ಕಿರುಬೆರಳಿನ ಕೆಲಸವನ್ನು ಹಂಚಿಕೊಂಡಿತು.

ಶಿಶುವಿಹಾರಕ್ಕೆ ಮತ್ತೆ ಹೊರಟ ಮೊದಲ ದಿನ ಮಗು ಅಭ್ಯಾಸಬಲದಿಂದ ಎಡಗಡೆಗೆ ಬಂದು ಕೈ ಚಾಚಿತು. ಕೈಗೆ ಸಿಕ್ಕಿದ್ದು ದಬ್ಬೆ. ಅದು ಕೈಯನ್ನು ಹಿಂದಕ್ಕೆಳೆದುಕೊಂಡು, ತಾತನ ಅಂಗಿಯ ಅಂಚನ್ನು ಹಿಡಿದು ನಡೆಯಿತು. ದಾರಿಯಲ್ಲಿ, “ತಾತ, ನಿನ್ನ ಬೆರಳು ಯಾವಾಗ ವಾಪಸು ಬರತ್ತೆ?” ಎಂದು ಕೇಳಿತು. “ದಸರೆಗೆ” ಎಂದರು ರಾಯರು, ಯಾವ ಆಧಾರವೂ ಇಲ್ಲದೆ.

ಗುಣವಾಗುವುದೆಂದರೆ ಮಲಗಿ ವಿಶ್ರಾಂತಿ ಪಡೆಯುವುದೆಂಬುದು ರಾಯರ ಕಲ್ಪನೆ. ಜ್ವರಕ್ಕೆ ಅದು ಸರಿ. ಬೆರಳಿನ ಹುರಿಗೆ ಅದೇ ವಿಷ. ಅಲುಗಾಡದೆ ಇಟ್ಟರೆ ಅದು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು ಗುಣವಾಗುತ್ತದೆ. ಗಾಯ ಮಾಯುತ್ತದೆ, ಬೆರಳು ಸಾಯುತ್ತದೆ. ಹಾಗೆಂದು ಬಲ ಹಾಕಿದರೆ ಹೊಲಿಗೆ ಹರಿಯುತ್ತದೆ. ಆದ್ದರಿಂದ ಗಂಟೆಗೊಮ್ಮೆ, ಹತ್ತು ಸಲ, ದಬ್ಬೆಯ ಮೇರೆಯೊಳಗೇ, ಬಲಗೈಯಿಂದ ಕಿರುಬೆರಳನ್ನು ಮೆಲ್ಲಗೆ ಮಡಿಸಿ, ಮೆಲ್ಲಗೆ ಬಿಡಬೇಕು. ಇದನ್ನು ಕಲಿಸಿದವರು ಆಸ್ಪತ್ರೆಯ ವ್ಯಾಯಾಮ ಚಿಕಿತ್ಸಕಿ, ರಾಯರ ಮಗಳ ವಯಸ್ಸಿಗಿಂತಲೂ ಚಿಕ್ಕ ಹುಡುಗಿ. ಮೊದಲ ವಾರ ರಾಯರು ಹೆದರಿ ಬೆರಳನ್ನು ಮುಟ್ಟಲೇ ಇಲ್ಲ. “ಸರ್, ನೀವು ಆಫೀಸಿನಲ್ಲಿ ಲೆಕ್ಕ ಬಾಕಿ ಇಟ್ಟುಕೊಂಡಿದ್ದಿರಾ?” ಎಂದು ಆಕೆ ಕೇಳಿದಾಗ ಅವರಿಗೆ ನಾಚಿಕೆಯಾಯಿತು. ಅಂದಿನಿಂದ ಗಡಿಯಾರವನ್ನು ಮುಂದಿಟ್ಟುಕೊಂಡು ಕುಳಿತರು.

ಹೆದರಿಕೆ ಕಳೆದ ಮೇಲೆ ಬಂದದ್ದು ಅದರ ಅಣ್ಣನಾದ ಅವಸರ. ಮೂರು ವಾರಕ್ಕೆ ನೋವು ಇಳಿದು, ಗಾಯ ಒಣಗಿತು. ನವರಾತ್ರಿಯ ಹಿಂದಿನ ದಿನ ಯಾರೂ ಇಲ್ಲದ ಹೊತ್ತಿನಲ್ಲಿ ರಾಯರು ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆಗೆ ಎರಡೂ ಕೈ ಹಾಕಿದರು. ಪತ್ನಿ ಸಮಯಕ್ಕೆ ಬಂದದ್ದು ಪಟ್ಟದ ಗೊಂಬೆಗಳ ಪುಣ್ಯವೋ ಬೆರಳಿನ ಪುಣ್ಯವೋ! ಹೊರಗೆ ಎಲ್ಲ ಸರಿಯಾದಂತೆ ಕಾಣುವ ಆ ವಾರಗಳಲ್ಲಿಯೇ ಒಳಗಿನ ಹೊಲಿಗೆ ಸುಲಭವಾಗಿ ಹರಿಯಬಲ್ಲದು. ಆರು ವಾರಕ್ಕೆ ದಬ್ಬೆ ಬಿಚ್ಚುವುದು, ಹನ್ನೆರಡು ವಾರದವರೆಗೆ ಭಾರ ಎತ್ತದಿರುವುದು ವೈದ್ಯರ ಹಟವಲ್ಲ, ರಜ್ಜುವಿನ ಸ್ವಭಾವ. ಜರ್ಮನಿಯ ರಾಬರ್ಟ್ ಶೂಮನ್ ಪಿಯಾನೋ ವಾದಕನಾಗಲು ಹೊರಟಿದ್ದವನು. 1832ರ ಸುಮಾರಿಗೆ ಅವನ ಬಲಗೈಯ ಬೆರಳು ಕೈಕೊಟ್ಟಿತು. ಬೆರಳನ್ನು ಪಳಗಿಸಲು ಅವನು ಬಳಸಿದ ಯಂತ್ರಸಾಧನವೇ ಅದಕ್ಕೆ ಕಾರಣವೆಂದು ಹಲವರೂ, ಅಲ್ಲವೆಂದು ಕೆಲವರೂ ವಾದಿಸುತ್ತಾರೆ. ಅಂತೂ ಬೆರಳು ಅವನ ಅವಸರಕ್ಕೆ ಓಗೊಡಲಿಲ್ಲ. ವಾದಕನಾಗಬೇಕಾದವನು ಸಂಗೀತ ರಚನೆಗೆ ತಿರುಗಿ ಹೆಸರಾದನೆಂಬುದು ಲೋಕದ ಲಾಭ.

ದೀಪಾವಳಿಗೆ ಮುಂಚೆ ದಬ್ಬೆ ಬಿಚ್ಚಿದರು. ಅಂದು ರಾಯರು ಆಸೆಯಿಂದ ಮುಷ್ಟಿ ಕಟ್ಟಿದರು. ಕಿರುಬೆರಳು ಕೊಂಚ ಬಾಗಿ ನಿಂತುಬಿಟ್ಟಿತು. ಅದರ ತುದಿಗೂ ಅಂಗೈಗೂ ನಡುವೆ ಐದು ಸೆಂಟಿಮೀಟರ್ ಅಂತರ. ಅಂದಿನಿಂದ ಆ ಅಂತರವನ್ನು ಅಳೆಯುವ ಅಧಿಕಾರ ಮೊಮ್ಮಗಳದಾಯಿತು. ಭಾನುವಾರ ಬೆಳಗ್ಗೆ ಅದು ತನ್ನ ಬಣ್ಣದ ಸ್ಕೇಲನ್ನು ತಾತನ ಅಂಗೈಯ ಮೇಲೆ ನಿಲ್ಲಿಸುವುದು. ಅಜ್ಜಿ ಅಂಕೆಯನ್ನು ಓದುವುದು. ತಾತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಐದು, ನಾಲ್ಕೂವರೆ, ನಾಲ್ಕು. ಮುಂದೆ ಎರಡು ವಾರ ಅದೇ ನಾಲ್ಕು. ಇಷ್ಟೇ ಅಲ್ಲದೆ, ಪೆಟ್ಟಾಗದ ಪಕ್ಕದ ಬೆರಳುಗಳೂ ಪೂರ್ತಿ ಮಡಿಯದಾದವು. ನಡುಬೆರಳು, ಉಂಗುರದ ಬೆರಳು, ಕಿರುಬೆರಳುಗಳ ತುದಿಗೆ ಹೋಗುವ ಹುರಿಗಳು ಮುಂದೋಳಿನಲ್ಲಿ ಒಂದೇ ಮಾಂಸಖಂಡದಿಂದ ಹೊರಡುತ್ತವೆ. ಒಂದು ಸಿಕ್ಕಿಕೊಂಡರೆ ಉಳಿದವೂ ತಡೆಯುತ್ತವೆ. ವೈದ್ಯರು ಇದಕ್ಕೆ ರೋಮನರ ನಾಲ್ಕು ಕುದುರೆಯ ರಥದ ಹೆಸರಿಟ್ಟಿದ್ದಾರೆ. ನಮ್ಮವರಾಗಿದ್ದರೆ ಅವಿಭಕ್ತ ಕುಟುಂಬದ ಹೆಸರಿಡುತ್ತಿದ್ದರು.

ಆ ಭಾನುವಾರ ರಾಯರು ಕ್ಯಾಲೆಂಡರಿನಲ್ಲಿ ಏನನ್ನೂ ಬರೆಯಲಿಲ್ಲ. “ಇದೊಂದರಿಂದ ಕೈಯೆಲ್ಲ ಕೆಟ್ಟಿತು. ಡಾಕ್ಟರಿಗೆ ಹೇಳಿ ತೆಗೆಸಿಬಿಡ್ತೀನಿ” ಎಂದರು. ಪತ್ನಿ ಮೊಗ್ಗು ಕಟ್ಟುತ್ತ ಕುಳಿತಿದ್ದರು. ತಲೆಯೆತ್ತದೆ, “ಮನೇಲಿ ಒಬ್ಬರು ಹಿಂದೆ ಬಿದ್ದರೆ ಆಚೆಗೆ ಹಾಕ್ತೀವಾ? ನಿಮ್ಮ ತಮ್ಮನಿಗೆ ಮೂರು ವರ್ಷ ಕೆಲಸ ಇಲ್ಲದೇ ಇದ್ದಾಗ ನಾವೇನು ಮಾಡಿದ್ವಿ?” ಎಂದು ಕೇಳಿದರು. ರಾಯರ ಬಳಿ ಉತ್ತರವಿರಲಿಲ್ಲ. ಶಸ್ತ್ರವೈದ್ಯರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು: ಇನ್ನೂ ಮೂರು ತಿಂಗಳು ದುಡಿಯಿರಿ, ಆಮೇಲೂ ಬಿಡದಿದ್ದರೆ ಅಂಟನ್ನು ಬಿಡಿಸುವ ಇನ್ನೊಂದು ಶಸ್ತ್ರಕ್ರಿಯೆ ಉಂಟು, ಅದರ ನಂತರವೂ ದುಡಿಯಬೇಕಾದವರು ನೀವೇ.

ಗಿಟಾರಿನ ಹುಚ್ಚಿದ್ದ ಮಗ ಆ ರಾತ್ರಿ ತಂದೆಗೆ ಒಂದು ಹಾಡನ್ನು ಕೇಳಿಸಿದ. “ಅಣ್ಣ, ಇದನ್ನು ಎಷ್ಟು ಬೆರಳಲ್ಲಿ ನುಡಿಸಿದಾನೆ, ಹೇಳಿ” ಎಂದ. ನುಡಿಸಿದವನು ಜಾಂಗೋ ರೈನ್‌ಹಾರ್ಟ್. 1928ರಲ್ಲಿ, 18ನೆಯ ವಯಸ್ಸಿನಲ್ಲಿ, ಬಂಡಿಮನೆಗೆ ಬೆಂಕಿ ಬಿದ್ದು ಅವನ ಎಡಗೈಯ ಕಡೆಯ ಎರಡು ಬೆರಳುಗಳು ಸುಟ್ಟು ನಿಷ್ಪ್ರಯೋಜಕವಾದವು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದು, ಉಳಿದ ಬೆರಳುಗಳಿಗೆ ಹೊಸ ನಡಿಗೆಯನ್ನೇ ಕಲಿಸಿ, 1934ರ ಹೊತ್ತಿಗೆ ಅವನು ಪ್ಯಾರಿಸಿನ ಪ್ರಸಿದ್ಧ ವಾದ್ಯವೃಂದದ ಮುಂದಾಳಾಗಿದ್ದ. 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಟೋನಿ ಅಯೋಮಿ ಎಂಬ 17ರ ಹುಡುಗನ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದಾಗ, ಅಲ್ಲಿನ ಮೇಲ್ವಿಚಾರಕ ತಂದುಕೊಟ್ಟದ್ದು ಇದೇ ಜಾಂಗೋನ ಧ್ವನಿಮುದ್ರಿಕೆಯನ್ನು. ಹುಡುಗ ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಕುಲಾವಿ ಮಾಡಿಕೊಂಡು, ಅದರ ಮೇಲೆ ಚರ್ಮ ಅಂಟಿಸಿ, ಮತ್ತೆ ಗಿಟಾರ್ ಹಿಡಿದ. ಸಂಗೀತ ರಾಯರಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೆ ಅದು ಮುಗಿದ ಮೇಲೆ ಅವರು ಗಡಿಯಾರವನ್ನು ಮತ್ತೆ ಮುಂದಕ್ಕೆಳೆದುಕೊಂಡರು.

ಇನ್ನೊಂದು ಸಂಗತಿ ನಡೆದದ್ದು ನರದ ವಿಷಯದಲ್ಲಿ. ಬೆರಳಿನ ಹೊರ ಅಂಚಿಗೆ ಇನ್ನೂ ಸ್ಪರ್ಶವಿರಲಿಲ್ಲ. ಒಂದು ಬೆಳಗ್ಗೆ ಬಿಸಿ ಕಾಫಿಯ ಲೋಟಕ್ಕೆ ತಗಲಿ ಅಲ್ಲಿ ಬೊಬ್ಬೆ ಎದ್ದದ್ದು ರಾಯರಿಗೆ ಕಣ್ಣಿನಿಂದ ತಿಳಿಯಿತೇ ಹೊರತು ಬೆರಳಿನಿಂದಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದ ಡಾಕ್ಟರ್ ಪಾಲ್ ಬ್ರಾಂಡ್ ಲೋಕಕ್ಕೆ ತೋರಿಸಿಕೊಟ್ಟದ್ದು ಇದನ್ನೇ: ಆ ರೋಗಿಗಳ ಬೆರಳುಗಳನ್ನು ತಿಂದದ್ದು ಬಹುಮಟ್ಟಿಗೆ ರೋಗವೇ ಅಲ್ಲ, ನೋವು ತಿಳಿಯದ ಕಾರಣ ದಿನದಿನವೂ ಆದ ಸುಟ್ಟಗಾಯ, ಕೊಯ್ತ, ಒತ್ತಡಗಳು. ನೋವನ್ನು ಅವರು ವರವೆಂದೇ ಕರೆದರು. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಕಾರ್ತಿಕ ಕಳೆಯುವ ಹೊತ್ತಿಗೆ ಒಂದು ರಾತ್ರಿ ರಾಯರ ಬೆರಳಿನಲ್ಲಿ ಇರುವೆ ಹರಿದಂತಾಗಿ, ಬಳಿಕ ಚುಚ್ಚಿದಂತಾಗಿ, ನಿದ್ದೆ ಕೆಟ್ಟಿತು. ಬೆಳಗ್ಗೆ ಅವರು ದೂರಿಕೊಂಡಾಗ ಚಿಕಿತ್ಸಕಿ ಚಪ್ಪಾಳೆ ತಟ್ಟಿದಳು. “ನೋಡಮ್ಮ, ನನಗೆ ನೋವು, ನಿನಗೆ ಸಂತೋಷ” ಎಂದು ರಾಯರೂ ನಕ್ಕರು.

ಆ ದಿನಗಳಲ್ಲಿಯೇ ಒಂದು ರಾತ್ರಿ ಮೊಮ್ಮಗಳಿಗೆ ಕಥೆ ಹೇಳಬೇಕಾಗಿ ಬಂತು. ಶಸ್ತ್ರವೈದ್ಯರ ಮಾತು ನೆನಪಾಗಿ ಏಕಲವ್ಯನ ಕಥೆ ತೆಗೆದರು. ಮಣ್ಣಿನ ಗುರು, ನಾಯಿಯ ಬಾಯಿ ತುಂಬ ಬಾಣ, ದ್ರೋಣರ ಗುರುದಕ್ಷಿಣೆ, ಎಲ್ಲವೂ ಆಯಿತು. “ಏಕಲವ್ಯ ಹೆಬ್ಬೆರಳು ಕತ್ತರಿಸಿ ಗುರುಗಳ ಪಾದದಲ್ಲಿಟ್ಟ” ಎಂದು ಧ್ವನಿಯನ್ನು ತಗ್ಗಿಸಿ ಮುಗಿಸಿದರು.

“ಆಮೇಲೆ?” ಎಂದಿತು ಮಗು.

“ಆಮೇಲೇನು, ಕಥೆ ಮುಗೀತು.”

“ಮುಗಿದಿಲ್ಲ. ಅವನ ಬೆರಳಿಗೆ ಯಾರು ಪಟ್ಟಿ ಕಟ್ಟಿದ್ರು? ಅವನು ದಿನಾ ಮಡಿಸಿ ಬಿಟ್ಟು ಮಾಡಿದ್ನಾ?”

ರಾಯರಿಗೆ ತಿಳಿದಿರಲಿಲ್ಲ. ಅವರ ತಾಯಿ ಹೇಳಿದ ಕಥೆಯೂ ಅಲ್ಲಿಗೇ ಮುಗಿದಿತ್ತು. ಹರಿಕಥೆಯಲ್ಲಿ ಕೇಳಿದ್ದೂ ನಾಟಕದಲ್ಲಿ ನೋಡಿದ್ದೂ ಅಲ್ಲಿಗೇ. ರಕ್ತ ಹರಿದೊಡನೆ ತೆರೆ ಬೀಳುತ್ತದೆ. ಗುರು ಮಾಡಿದ್ದು ಸರಿಯೇ ಎಂದು ಸಭಿಕರು ವಾದಿಸುತ್ತ ಮನೆಗೆ ಹೋಗುತ್ತಾರೆ. ಮರುದಿನ ಆ ಹುಡುಗನ ಕೈ ಏನಾಯಿತೆಂದು ಕೇಳಿದವರಿಲ್ಲ. ಬೆಳಗ್ಗೆ ರಾಯರು ಬೀರುವಿನಿಂದ ಕನ್ನಡ ಅನುವಾದವಿದ್ದ ವ್ಯಾಸಭಾರತದ ಆದಿಪರ್ವವನ್ನು ತೆಗೆದು ಹುಡುಕಿದರು. ಮುನಿ ಮರೆತಿರಲಿಲ್ಲ. ಅಲ್ಲಿಂದ ಮುಂದೆ ಏಕಲವ್ಯ ಉಳಿದ ಬೆರಳುಗಳಿಂದ ಬಿಲ್ಲನ್ನೆಳೆದನೆಂದೂ, ಆದರೆ ಮೊದಲಿನ ವೇಗ ಅವನಿಗಿರಲಿಲ್ಲವೆಂದೂ ಬರೆದಿತ್ತು. ಅರ್ಜುನನ ಸಮಾಧಾನಕ್ಕಾಗಿ ಬಂದ ಮಾತು ಅದು. ದಾಟಿಕೊಂಡು ಹೋಗುವುದು ಸುಲಭ. ರಾಯರು ಮಾತ್ರ ಅಲ್ಲಿಯೇ ನಿಂತರು. ‘ವೇಗವಿರಲಿಲ್ಲ’ ಎಂಬುದನ್ನು ಅವರು ಎರಡು ಸಲ ಓದಿದರು. ‘ಬಿಲ್ಲನ್ನೆಳೆದನು’ ಎಂಬುದನ್ನು ಇನ್ನೂ ಹೆಚ್ಚು ಸಲ ಓದಿದರು. ಎಷ್ಟು ಬೆಳಗುಗಳು ಆ ಕಾಡಿನಲ್ಲಿ ಬಾಣ ಜಾರಿ ಬಿದ್ದಿರಬೇಕು!

ಆ ರಾತ್ರಿ ಮಗುವಿಗೆ ಉಳಿದ ಕಥೆಯನ್ನು ಹೇಳಿದರು. ಅದಕ್ಕೆ ಸಮಾಧಾನವಾಯಿತು.

ಸಂಕ್ರಾಂತಿಯ ಹೊತ್ತಿಗೆ ಕ್ಯಾಲೆಂಡರು ಬದಲಾಗಿ, ಹೊಸದರಲ್ಲಿ ಒಂದೂವರೆ ಎಂಬ ಅಂಕೆ ಬಿದ್ದಿತ್ತು. ಇನ್ನು ಹೆಚ್ಚು ಇಳಿಯದೆಂದು ಶಸ್ತ್ರವೈದ್ಯರು ಹೇಳಿದ್ದರು. ಎರಡನೆಯ ಶಸ್ತ್ರಕ್ರಿಯೆ ಬೇಡವೆಂದು ರಾಯರು ಹೇಳಿದ್ದರು. ಪಂಚೆಯ ಗಂಟು ನಿಲ್ಲುತ್ತಿತ್ತು. ಟವೆಲಿನಲ್ಲಿ ಕೊನೆಯ ಹನಿ ಉಳಿಯುತ್ತಿತ್ತು. ಚಳಿಯ ಬೆಳಗ್ಗೆ ಬೆರಳು ಸೆಟೆದುಕೊಂಡು, ಬಿಸಿನೀರಿಗೆ ಹಾಕಿದ ಮೇಲೆ ಎಚ್ಚರಗೊಳ್ಳುತ್ತಿತ್ತು.

ಹಬ್ಬದ ಸಂಜೆ ಮೊಮ್ಮಗಳು ರೇಷ್ಮೆಯ ಲಂಗ ತೊಟ್ಟು ಎಳ್ಳು ಬೀರಲು ಹೊರಟಿತು. ತಟ್ಟೆಯನ್ನು ಹಿಡಿದ ಅಜ್ಜಿ ಮುಂದೆ, ತಾತ ಹಿಂದೆ. ಮಗು ಈಚೆಗೆ ಅಂಗಿಯ ಅಂಚನ್ನೂ ಬಿಟ್ಟು ಒಂಟಿಯಾಗಿ ನಡೆಯುವುದನ್ನು ಕಲಿತಿತ್ತು. ರಸ್ತೆಯ ತಿರುವಿನಲ್ಲಿ ಕಿಚ್ಚು ಹಾಯಿಸಲು ಸಿಂಗರಿಸಿದ ಹಸುಗಳು ಗಂಟೆಯ ಸದ್ದಿನೊಡನೆ ಎದುರಾದವು. ಮಗು ಹಿಂದೆ ಸರಿದು, ನೋಡದೆಯೇ ಎಡಗಡೆಗೆ ಕೈ ಚಾಚಿತು. ಕಿರುಬೆರಳು ಸಿಕ್ಕಿತು. ರಾಯರು ಉಸಿರು ಬಿಗಿಹಿಡಿದು ಅದನ್ನು ಮಡಿಸಿದರು. ಪೂರ್ತಿ ಮಡಿಯಲಿಲ್ಲ, ಆದರೆ ಆ ಪುಟ್ಟ ಮುಷ್ಟಿಯ ಸುತ್ತ ಅರ್ಧವಾದರೂ ಬಳಸಿಕೊಂಡಿತು.

“ಇನ್ನೂ ಗಟ್ಟಿಯಾಗಿ ಹಿಡ್ಕೋ ತಾತ” ಎಂದಿತು ಮಗು.

“ಇಷ್ಟೇ ಮಗೂ, ಇನ್ನು ಇಷ್ಟೇ” ಎಂದರು ರಾಯರು.

ಮಗು ಒಂದು ಕ್ಷಣ ಯೋಚಿಸಿ, “ಹಾಗಾದರೆ ನಾನೇ ಗಟ್ಟಿಯಾಗಿ ಹಿಡ್ಕೋತೀನಿ” ಎಂದು ತನ್ನ ಮುಷ್ಟಿಯನ್ನು ಬಿಗಿಮಾಡಿತು. ಬೆರಳಿನ ಹೊರ ಅಂಚಿನಲ್ಲಿ ಚುರುಕ್ಕೆಂದು ನೋವಾಯಿತು. ರಾಯರು ಕೈ ಬಿಡಿಸಿಕೊಳ್ಳಲಿಲ್ಲ. ಹಸುಗಳು ಹಾದುಹೋದ ಮೇಲೆ ಇಬ್ಬರೂ ರಸ್ತೆ ದಾಟಿದರು.